ಕಾರಿನ ಅಲಾರಂಗೆ ಇನ್ನೆರಡು ಎಲ್‌ಇಡಿ ಜೋಡಿಸುವ ಕ್ರಮ

ಕಾರಿಗೆ ಬೀಗ ಹಾಕಿದ ಮೇಲೆ ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಮಿನುಗುವ ಕೆಂಪು ಎಲ್‌ಇಡಿ, ಅಲಾರಂ ಎಚ್ಚರವಾಗಿದೆ ಎಂದು ಹೊರಗೆ ನಿಂತವರಿಗೆ ತಿಳಿಸುತ್ತದೆ. ಆದರೆ ಹಿಂದಿನ ಬಾಗಿಲ ಬಳಿ ಬಂದವರ ಕಣ್ಣಿಗೆ ಅದು ಬೀಳುವುದು ಅಪರೂಪ. ಹಿಂಬದಿಯ ಎರಡು ಕಿಟಕಿಗಳ ಹತ್ತಿರ ಒಂದೊಂದು ಎಲ್‌ಇಡಿ ಕೂರಿಸಿ, ಮೂರೂ ಒಟ್ಟಿಗೆ ಮಿನುಗುವಂತೆ ಮಾಡಲು ಸಾಧ್ಯವಿದೆ. ಬೆಸುಗೆ ಹಾಕಲು, ಮಲ್ಟಿಮೀಟರ್ ಬಳಸಲು ಬಲ್ಲವರು ಇದನ್ನು ಮನೆಯಲ್ಲೇ ಮಾಡಬಹುದು.

ಹಲವರು ಮಾಡುವ ತಪ್ಪೆಂದರೆ ಹೊಸ ಎಲ್‌ಇಡಿಯನ್ನು ಹಳೆಯದರ ಎರಡು ವೈರುಗಳಿಗೇ ನೇರವಾಗಿ ಸೇರಿಸುವುದು. ನಾನೂ ಮೊದಲ ಸಲ ಹಾಗೆಯೇ ಕೆಂಪು ಎಲ್‌ಇಡಿಯ ಪಕ್ಕಕ್ಕೆ ನೀಲಿಯೊಂದನ್ನು ಸೇರಿಸಿದ್ದೆ. ಕೆಂಪು ಎಂದಿನಂತೆ ಮಿನುಗಿತು, ನೀಲಿ ಬೆಳಗಲೇ ಇಲ್ಲ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟಿನಲ್ಲಿ ಬೆಳಗುತ್ತದೆ, ನೀಲಿಗೆ ಸುಮಾರು 3 ವೋಲ್ಟ್ ಬೇಕು. ಒಂದೇ ಜೋಡಿ ವೈರಿನಲ್ಲಿರುವಾಗ ಕೆಂಪು ಎಲ್‌ಇಡಿ ವೋಲ್ಟೇಜನ್ನು 2ರ ಆಸುಪಾಸಿನಲ್ಲೇ ಹಿಡಿದಿಡುತ್ತದೆ. ಒಂದೇ ಬಣ್ಣದವನ್ನು ಸೇರಿಸಿದರೂ, ಇರುವ ಅಲ್ಪ ಕರೆಂಟು ಹಂಚಿಹೋಗಿ ಎಲ್ಲವೂ ಮಂಕಾಗುತ್ತವೆ. ಆದ್ದರಿಂದ ಅಲಾರಂನ ವೈರಿನಿಂದ ಸಂಕೇತವನ್ನಷ್ಟೇ ಪಡೆದು, ದೀಪಗಳಿಗೆ ಬೇಕಾದ ಕರೆಂಟನ್ನು ಬ್ಯಾಟರಿಯಿಂದಲೇ ಬೇರೆಯಾಗಿ ತರಬೇಕು. ಇವೆರಡರ ನಡುವೆ ಸ್ವಿಚ್ಚಿನಂತೆ ಕೆಲಸ ಮಾಡಲು ಒಂದು ಸಣ್ಣ ಟ್ರಾನ್ಸಿಸ್ಟರ್ ಸಾಕು.

ಮೊದಲು ಅಳತೆ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಬಣ್ಣವಿಲ್ಲದ ಬಾಡಿ ಲೋಹಕ್ಕೆ ತಾಗಿಸಿ, ಅಲಾರಂ ಚಾಲೂ ಮಾಡಿ, ಹಳೆಯ ಎಲ್‌ಇಡಿಯ ಎರಡೂ ವೈರುಗಳನ್ನು ಒಂದೊಂದಾಗಿ ಪರೀಕ್ಷಿಸಿ. ಮಿನುಗು ಕ್ಷಣಿಕವಾದ್ದರಿಂದ ಮೀಟರು ಪೂರ್ಣ ಅಂಕಿ ತೋರಿಸದೆ ಇರಬಹುದು. ಯಾವ ವೈರಿನಲ್ಲಿ ಅಂಕಿ ಜಿಗಿಯುತ್ತದೆ ಎಂಬುದಷ್ಟೇ ಇಲ್ಲಿ ಮುಖ್ಯ. ಒಂದು ವೈರು ಸೊನ್ನೆಯಲ್ಲೇ ನಿಂತು ಇನ್ನೊಂದು ಮಿನುಗಿದಾಗಲೆಲ್ಲ ಮೇಲೇರಿದರೆ, ಕೆಳಗೆ ವಿವರಿಸಿದ ಜೋಡಣೆ ಹೊಂದುತ್ತದೆ. ಒಂದು ವೈರಿನಲ್ಲಿ ಸದಾ 5 ಅಥವಾ 12 ವೋಲ್ಟ್ ಇದ್ದು ಇನ್ನೊಂದು ಮಾತ್ರ ಕೆಳಕ್ಕಿಳಿಯುತ್ತಿದ್ದರೆ ಸರ್ಕ್ಯೂಟು ಬೇರೆಯೇ ಆಗುತ್ತದೆ. ಅಂಥ ಅಲಾರಂ ಇರುವವರು ಮುಂದುವರಿಯದೆ ಆಟೊ ಎಲೆಕ್ಟ್ರಿಷಿಯನ್‌ಗೆ ತೋರಿಸುವುದು ಒಳಿತು. ಪರೀಕ್ಷೆಗೆ ಬಲ್ಬು ಕಟ್ಟಿದ ಟೆಸ್ಟ್ ಲ್ಯಾಂಪನ್ನು ಮಾತ್ರ ಬಳಸಬೇಡಿ: ಅದು ಎಳೆಯುವ ಕರೆಂಟಿಗೆ ಅಲಾರಂನ ಔಟ್‌ಪುಟ್ ಸುಟ್ಟುಹೋಗಬಹುದು.

ಬೇಕಾದ ಬಿಡಿಭಾಗಗಳು ಕೆಲವೇ: ಬಿಸಿ547 ಟ್ರಾನ್ಸಿಸ್ಟರ್, ಎರಡು ಕೆಂಪು ಎಲ್‌ಇಡಿ, ಅರ್ಧ ವ್ಯಾಟಿನ 680 ಓಮ್ ರೆಸಿಸ್ಟರ್, ಕಾಲು ವ್ಯಾಟಿನ 2.2 ಕಿಲೋಓಮ್ ಮತ್ತು 10 ಕಿಲೋಓಮ್ ರೆಸಿಸ್ಟರುಗಳು, 1 ಆಂಪಿಯರ್ ಫ್ಯೂಸ್, ತೆಳು ವೈರು. ಎಂಜಿನ್ ಓಡುವಾಗ 12 ವೋಲ್ಟಿನ ವ್ಯವಸ್ಥೆಯಲ್ಲಿ 14.4 ವೋಲ್ಟಿನವರೆಗೂ ಇರುವುದರಿಂದ ಲೆಕ್ಕವನ್ನು ಆ ಅಂಕಿಗೇ ಹಾಕಬೇಕು. ಎರಡು ಎಲ್‌ಇಡಿಗಳು ಸರಣಿಯಲ್ಲಿದ್ದಾಗ ಅವುಗಳ ಪಾಲು 4 ವೋಲ್ಟ್, ಉಳಿದ 10.4 ವೋಲ್ಟನ್ನು 680ರಿಂದ ಭಾಗಿಸಿದರೆ ಸುಮಾರು 15 ಮಿಲಿಆಂಪಿಯರ್. ಸಾಮಾನ್ಯ ಎಲ್‌ಇಡಿಯ 20 ಮಿಲಿಆಂಪಿಯರ್ ಮಿತಿಯ ಒಳಗೇ ಇದು ನಿಲ್ಲುತ್ತದೆ.

ಅಲಾರಂ ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಸ್ವಂತ ಬ್ಯಾಟರಿಯಿರುವ ಸೈರನ್ ಇದ್ದರೆ ಅದನ್ನು ಮೊದಲೇ ಕೀಲಿಯಿಂದ ಬಂದ್ ಮಾಡದಿದ್ದಲ್ಲಿ ಅದು ಕೂಗಿಕೊಳ್ಳುತ್ತದೆ. ಟ್ರಾನ್ಸಿಸ್ಟರಿನ ಚಪ್ಪಟೆ ಮುಖವನ್ನು ನಿಮ್ಮೆಡೆಗೆ, ಕಾಲುಗಳನ್ನು ಕೆಳಕ್ಕೆ ಹಿಡಿದರೆ ಎಡದಿಂದ ಕ್ರಮವಾಗಿ ಕಲೆಕ್ಟರ್, ಬೇಸ್, ಎಮಿಟರ್. ಎಮಿಟರನ್ನು ಬಾಡಿ ಅರ್ತ್‌ಗೆ ಸೇರಿಸಿ. ಹಳೆಯ ಎಲ್‌ಇಡಿಯ ಮಿನುಗುವ ವೈರಿನಿಂದ 2.2 ಕಿಲೋಓಮ್ ರೆಸಿಸ್ಟರಿನ ಮೂಲಕ ಬೇಸ್‌ಗೆ ಸಂಪರ್ಕ ಕೊಟ್ಟು, ಬೇಸ್ ಮತ್ತು ಎಮಿಟರ್ ನಡುವೆ 10 ಕಿಲೋಓಮ್ ಇಡಿ. ಸಂಕೇತವಿಲ್ಲದಾಗ ಹೊಸ ದೀಪಗಳು ಪೂರ್ತಿ ಆರಿರುವಂತೆ ಅದು ನೋಡಿಕೊಳ್ಳುತ್ತದೆ. ಸದಾ 12 ವೋಲ್ಟ್ ಇರುವ ವೈರಿನಿಂದ ಫ್ಯೂಸ್, 680 ಓಮ್, ಮೊದಲ ಎಲ್‌ಇಡಿ, ಎರಡನೆಯದು, ಕೊನೆಗೆ ಕಲೆಕ್ಟರ್ ಎಂಬ ಸಾಲಿನಲ್ಲಿ ಜೋಡಿಸಿ. ಎಲ್‌ಇಡಿಯ ಉದ್ದದ ಕಾಲು ಪಾಸಿಟಿವ್ ಕಡೆಗಿರಲಿ. ಫ್ಯೂಸ್ ವಿದ್ಯುತ್ ತೆಗೆದುಕೊಂಡ ಜಾಗಕ್ಕೆ ಅಂಟಿಕೊಂಡಂತೆಯೇ ಇರಬೇಕು, ಏಕೆಂದರೆ ಅದು ಕಾಯುವುದು ತನ್ನ ಮುಂದಿನ ವೈರನ್ನು ಮಾತ್ರ.

ವೈರುಗಳನ್ನು ಬಾಗಿಲ ಹೊಸ್ತಿಲಿನ ಪಟ್ಟಿಯ ಕೆಳಗೆ ಒಯ್ಯಿರಿ. ಕಂಬಗಳ ಒಳಗೆ ಏರ್‌ಬ್ಯಾಗ್ ಇರಬಹುದಾದ್ದರಿಂದ ಅಲ್ಲಿ ಕೈಹಾಕಬಾರದು. ಹಳದಿ ಕನೆಕ್ಟರುಗಳನ್ನಂತೂ ಮುಟ್ಟಲೇಬಾರದು. ಪ್ರತಿ ಬೆಸುಗೆಗೂ ಶಾಖಕ್ಕೆ ಕುಗ್ಗುವ ಸ್ಲೀವ್ ಹಾಕಿ.

ಬ್ಯಾಟರಿ ಜೋಡಿಸಿ ಅಲಾರಂ ಚಾಲೂ ಮಾಡಿದಾಗ ಮೂರೂ ಒಂದೇ ತಾಳದಲ್ಲಿ ಮಿನುಗಬೇಕು, ನಿಲ್ಲಿಸಿದಾಗ ಮೂರೂ ಆರಬೇಕು. ಹೊಸವು ಬೆಳಗದಿದ್ದರೆ ಮೊದಲು ಎಲ್‌ಇಡಿಗಳ ದಿಕ್ಕನ್ನು, ಬಳಿಕ ಟ್ರಾನ್ಸಿಸ್ಟರಿನ ಕಾಲುಗಳ ಕ್ರಮವನ್ನು ನೋಡಿ. ಆರದೆ ಉರಿಯುತ್ತಲೇ ಇದ್ದರೆ ಕಲೆಕ್ಟರ್ ಎಲ್ಲೋ ಬಾಡಿಗೆ ತಾಗುತ್ತಿದೆ ಎಂದರ್ಥ. ಎಲ್ಲವೂ ಸರಿಯಿದ್ದ ಮೇಲಷ್ಟೇ ಪಟ್ಟಿಗಳನ್ನು ಒತ್ತಿ ಕೂರಿಸಿ.