ಮರ ಸವರುವ, ತೆರವುಗೊಳಿಸುವ ಕೆಲಸಕ್ಕೆ ಕ್ರೇನ್ ಇರುವ ಟಿಪ್ಪರ್: ಕೊಳ್ಳುವ ಮುನ್ನ ಮಾಡಬೇಕಾದ ತೂಕದ ಲೆಕ್ಕ

ಪುಣೆಯಲ್ಲಿ ಮರ ಸವರುವ, ಬಿದ್ದ ಮರ ತೆರವುಗೊಳಿಸುವ ಗುತ್ತಿಗೆ ಹಿಡಿದಿರುವ ನಮ್ಮ ಕಲಬುರಗಿ, ವಿಜಯಪುರದ ಕಡೆಯವರಲ್ಲಿ ಹಲವರು ಈಗ ಬಾಡಿಗೆ ಕ್ರೇನನ್ನು ಬಿಟ್ಟು, ಕ್ಯಾಬಿನ್ನಿನ ಹಿಂದೆಯೇ ಕ್ರೇನ್ ಕೂರಿಸಿದ ಸ್ವಂತ ಟಿಪ್ಪರ್ ಕೊಳ್ಳುವ ಯೋಚನೆಯಲ್ಲಿದ್ದಾರೆ. ಕೊಳ್ಳುವವರು ಮೊದಲು ಕೇಳುವುದು ಕ್ರೇನ್ ಎಷ್ಟು ಟನ್ ಎತ್ತುತ್ತದೆ ಎಂದು. ಆದರೆ ಕ್ರೇನ್ ಏರಿದ ಮೇಲೆ ಗಾಡಿಯಲ್ಲಿ ಹೇರಲು ಎಷ್ಟು ತೂಕ ಉಳಿಯುತ್ತದೆ ಎಂಬುದನ್ನು ಅದಕ್ಕಿಂತ ಮೊದಲು ಕೇಳಬೇಕು.

ಲೈಸೆನ್ಸಿನಿಂದಲೇ ಆರಂಭಿಸುವುದು ಒಳ್ಳೆಯದು, ಏಕೆಂದರೆ ಗಾಡಿಯ ಗಾತ್ರವನ್ನು ಅದೇ ನಿರ್ಧರಿಸುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಒಟ್ಟು ತೂಕ (ಗಾಡಿ, ಜನ, ಹೊರೆ ಎಲ್ಲ ಸೇರಿ ಇರಬಹುದಾದ ಗರಿಷ್ಠ ತೂಕ) 7,500 ಕಿಲೋ ಮೀರದ ಸರಕು ವಾಹನ ಲಘು ವಾಹನದ ವರ್ಗಕ್ಕೆ ಸೇರುತ್ತದೆ. ಲಘು ವಾಹನದ ಲೈಸೆನ್ಸ್ ಇದ್ದವರು ಅಂಥ ಸರಕು ಗಾಡಿಯನ್ನು ಬೇರೆ ಅನುಮೋದನೆಯಿಲ್ಲದೆ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಇಲ್ಲಿ ಲೆಕ್ಕಕ್ಕೆ ಬರುವುದು ಆ ದಿನ ಗಾಡಿಯಲ್ಲಿರುವ ಹೊರೆಯಲ್ಲ, ಆರ್.ಸಿ.ಯಲ್ಲಿ ನಮೂದಾದ ಒಟ್ಟು ತೂಕ; ದೊಡ್ಡ ಗಾಡಿಯನ್ನು ಖಾಲಿ ಓಡಿಸಿದರೂ ದೊಡ್ಡ ಲೈಸೆನ್ಸೇ ಬೇಕು. 7,500 ಕಿಲೋ ದಾಟಿದರೆ ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಇರುವ, 20 ವರ್ಷ ತುಂಬಿದ ಚಾಲಕನೇ ಆಗಬೇಕು. ಎರಡು ಆಕ್ಸಲ್‌ನ ಭಾರಿ ಟ್ರಕ್ಕಿಗೆ 18.5 ಟನ್ ತನಕ ಅವಕಾಶವಿದೆ ನಿಜ, ಆದರೆ ಪೇಟೆಗಳ ಓಣಿಗಳಲ್ಲಿ, ಹಳೆಯ ಸೊಸೈಟಿಗಳ ಗೇಟಿನೊಳಗೆ ಅದನ್ನು ತಿರುಗಿಸುವುದು ಹೇಗೆಂದು ಮೊದಲೇ ಯೋಚಿಸಬೇಕು. ನಗರದೊಳಗಿನ ಕೆಲಸವೇ ಹೆಚ್ಚಿರುವವರಿಗೆ 7.5 ಟನ್ ಒಳಗಿನ ಗಾಡಿಯೇ ತಕ್ಕದ್ದೆಂದು ನನ್ನ ಅಭಿಪ್ರಾಯ.

ಆದರೆ ಅಂಥ ಗಾಡಿಯಲ್ಲಿ ಹೊರೆಗೆ ಉಳಿಯುವುದು ಎಷ್ಟು? ಒಂದು ಉದಾಹರಣೆ ನೋಡೋಣ. ಒಟ್ಟು ತೂಕ 7,490 ಕಿಲೋ ಎಂದಿಟ್ಟುಕೊಳ್ಳಿ. ಕ್ಯಾಬಿನ್ ಸಹಿತ ಚಾಸಿ 2,700 ಕಿಲೋ, ಟಿಪ್ಪರ್ ಬಾಡಿ ಮತ್ತು ಅದರ ಹೈಡ್ರಾಲಿಕ್ ಜಾಕ್ 1,000, ಕ್ರೇನ್ ಹಾಗೂ ಅದನ್ನು ಕೂರಿಸುವ ಸಬ್‌ಫ್ರೇಮ್ 1,000, ಮೂವರು ಜನ, ಡೀಸೆಲ್, ಗರಗಸ, ಹಗ್ಗಗಳು ಸೇರಿ 350. ಇವೆಲ್ಲ ಹೋಗಿ ಉಳಿಯುವುದು 2,440 ಕಿಲೋ ಮಾತ್ರ. ಹಸಿ ಮರ ಜಾತಿಯನ್ನು ಅನುಸರಿಸಿ ಘನ ಮೀಟರಿಗೆ ಸುಮಾರು 800ರಿಂದ 1,000 ಕಿಲೋ ತೂಗುತ್ತದೆ. 60 ಸೆಂಟಿಮೀಟರ್ ವ್ಯಾಸದ, ಎರಡು ಮೀಟರ್ ಉದ್ದದ ಒಂದು ದಿಮ್ಮಿ ಎಂದರೆ 500 ಕಿಲೋದ ಆಸುಪಾಸು. ಅಂಥ ನಾಲ್ಕು ದಿಮ್ಮಿ ಸರಿ. ಐದನೆಯದು ಏರಿತೆಂದರೆ ಅತಿಭಾರವಾಯಿತು, ಬಾಡಿ ಅರ್ಧ ಖಾಲಿಯಿದ್ದರೂ ಸಹ. ಸೊಪ್ಪು, ರೆಂಬೆಗಳ ವಿಷಯ ಇದಕ್ಕೆ ತಿರುಗಾಮುರುಗಾ: ತೂಕ ತುಂಬುವ ಮೊದಲೇ ಜಾಗ ತುಂಬುತ್ತದೆ. ಆದ್ದರಿಂದ ಸೊಪ್ಪಿಗೆಂದು ಪಕ್ಕದ ಹಲಗೆ ಎತ್ತರಿಸಿಕೊಂಡವರು ಅದೇ ಬಾಡಿಯಲ್ಲಿ ದಿಮ್ಮಿ ತುಂಬುವಾಗ ಎಚ್ಚರವಾಗಿರಬೇಕು. ಅತಿಭಾರಕ್ಕೆ ಕೇಂದ್ರ ಕಾಯ್ದೆಯಲ್ಲಿ 20,000 ರೂಪಾಯಿ ದಂಡವಿದೆ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000. ಸಿಂಹಗಡ ರಸ್ತೆಯ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಹೋದರೆ ಆಗುವ ಅನಾಹುತದ ಮುಂದೆ ಅದು ಏನೂ ಅಲ್ಲ.

ಇನ್ನು ಕ್ರೇನಿನ ಮಾತು. ಐದು ಟನ್-ಮೀಟರ್ ಕ್ರೇನ್ ಎಂದರೆ ಐದು ಟನ್ ಎತ್ತುವ ಕ್ರೇನ್ ಅಲ್ಲ; ಎತ್ತುವ ತೂಕವನ್ನು ಬೂಮ್ ಚಾಚಿದ ದೂರದಿಂದ ಗುಣಿಸಿದರೆ ಬರುವ ಅಂಕಿ ಅದು. ಬೂಮ್ ಎರಡು ಮೀಟರ್ ಚಾಚಿದಾಗ ಸುಮಾರು 2,500 ಕಿಲೋ, ಐದು ಮೀಟರಿನಲ್ಲಿ 1,000, ಎಂಟು ಮೀಟರಿನಲ್ಲಿ 600ರ ಹತ್ತಿರ ಎಂಬುದು ಸ್ಥೂಲ ಲೆಕ್ಕ. ತಯಾರಕರ ಲೋಡ್ ಚಾರ್ಟ್ ಇನ್ನೂ ಕಡಿಮೆ ತೋರಿಸಬಹುದು, ಅದನ್ನೇ ನಂಬಬೇಕು. ಇದರಲ್ಲಿ ದಿಮ್ಮಿ ಹಿಡಿಯುವ ಗ್ರ್ಯಾಬ್‌ನ ತೂಕವೂ ಸೇರಿದೆ. ಗ್ರ್ಯಾಬ್ 200 ಕಿಲೋ ಇದ್ದರೆ ಎಂಟು ಮೀಟರ್ ದೂರದಲ್ಲಿ ನಮ್ಮ ಆ 500 ಕಿಲೋದ ದಿಮ್ಮಿಯನ್ನು ಎತ್ತಲಾಗದು. ಕಾಂಪೌಂಡಿನ ಆಚೆಯ ಮರವನ್ನು ರಸ್ತೆಯಿಂದಲೇ ಎತ್ತುವ ಕೆಲಸ ಹೆಚ್ಚಿದ್ದರೆ ಚಿಕ್ಕ ತುಂಡುಗಳಾಗಿ ಕತ್ತರಿಸುವುದೇ ಜಾಣತನ. ದೊಡ್ಡ ಕ್ರೇನ್ ಕೂರಿಸಿದಷ್ಟೂ ಹೊರೆ ಕಡಿಮೆಯಾಗುತ್ತದೆ. ಆಸರೆ ಕಾಲುಗಳು ಎರಡೂ ಬದಿಗೆ ಪೂರ್ತಿ ಚಾಚುವಂತಿರಬೇಕು, ಅವುಗಳ ಕೆಳಗೆ ಇಡಲು ದಪ್ಪ ಮರದ ಹಲಗೆ ಗಾಡಿಯಲ್ಲೇ ಇರಬೇಕು. ಮಳೆಗಾಲದಲ್ಲಿ ಫುಟ್‌ಪಾತ್ ಕಲ್ಲಿನ ಅಡಿ ಮಣ್ಣು ಕುಸಿದಿರುತ್ತದೆ. ವಿದ್ಯುತ್ ತಂತಿ ಹತ್ತಿರವಿದ್ದರೆ ಮಹಾವಿತರಣದವರು ಸಂಪರ್ಕ ಕಡಿತಗೊಳಿಸುವ ತನಕ ಬೂಮ್ ಎತ್ತಲೇಬಾರದು.

ಭೋಸರಿಯ ವರ್ಕ್‌ಶಾಪಿನಲ್ಲಿ ಕ್ರೇನ್ ಕೂರಿಸುವುದಾದರೆ ಚಾಸಿ ತಯಾರಕರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ, ಬದಲಾವಣೆಯನ್ನು ಆರ್‌ಟಿಒದಲ್ಲಿ ಆರ್.ಸಿ.ಗೆ ಸೇರಿಸಿಕೊಳ್ಳಿ, ವಿಮಾ ಕಂಪನಿಗೂ ತಿಳಿಸಿ. ನನ್ನ ಪರಿಚಯದ ಗುತ್ತಿಗೆದಾರರೊಬ್ಬರು ಇದನ್ನು ನಾಳೆ ನಾಡಿದ್ದೆಂದು ಮುಂದೂಡಿ, ಫಿಟ್‌ನೆಸ್ ತಪಾಸಣೆಯಲ್ಲಿ ಗಾಡಿ ನಿಂತಾಗ ಮುಂಗಾರಿನ ಇಡೀ ಕೆಲಸವನ್ನು ಕಳೆದುಕೊಂಡರು. ಒಟ್ಟು ತೂಕ 3,000 ಕಿಲೋ ಮೀರಿದ ಸರಕು ವಾಹನಕ್ಕೆ ಪರ್ಮಿಟ್ ಕೂಡ ಬೇಕು. ಮರ ಕಡಿಯಲು ಮಹಾರಾಷ್ಟ್ರದ 1975ರ ಕಾಯ್ದೆಯಂತೆ ಪಡೆದ ವೃಕ್ಷ ಪ್ರಾಧಿಕಾರದ ಅನುಮತಿಯ ಪ್ರತಿ ಗಾಡಿಯಲ್ಲೇ ಇರಲಿ.

ಕೊನೆಯ ಕಂತು ಕೊಡುವ ಮುನ್ನ ಟ್ಯಾಂಕ್ ತುಂಬಿಸಿ, ಕೆಲಸದವರನ್ನೂ ಸಲಕರಣೆಯನ್ನೂ ಹತ್ತಿಸಿ, ಗಾಡಿಯನ್ನು ವೇಬ್ರಿಡ್ಜಿಗೆ ಒಯ್ಯಿರಿ. ಮೊದಲು ಮುಂದಿನ ಚಕ್ರಗಳನ್ನು, ಆಮೇಲೆ ಇಡೀ ಗಾಡಿಯನ್ನು ತೂಗಿಸಿ. ಕ್ರೇನಿನ ಭಾರದಲ್ಲಿ ಹೆಚ್ಚಿನ ಪಾಲು ಮುಂದಿನ ಆಕ್ಸಲ್ ಮೇಲೆ ಬೀಳುವುದರಿಂದ ಆ ಅಂಕಿ ಮಿತಿಯೊಳಗಿದೆಯೇ ಎಂದು ನೋಡಲೇಬೇಕು. ಉಳಿದ ಹೊರೆ ಎಷ್ಟು ಕಿಲೋ ಎಂಬುದನ್ನು ಕನ್ನಡದಲ್ಲೂ ಮರಾಠಿಯಲ್ಲೂ ಕ್ರೇನಿನ ಹಿಡಿಕೆಗಳ ಪಕ್ಕದಲ್ಲೇ ಬಣ್ಣದಲ್ಲಿ ಬರೆಸಿ, ದಿಮ್ಮಿ ಎತ್ತುವ ಹುಡುಗನ ಕಣ್ಣಿಗೆ ಕಾಣುವಂತೆ.