ಪ್ಯುಹಾದ ಹಿಮದಲ್ಲಿ ಬಚ್ಚಲೊಲೆಯ ವಿದ್ಯೆ

ಫಿನ್‌ಲ್ಯಾಂಡಿಗೆ ಬಂದು ಆರು ಚಳಿಗಾಲ ಕಳೆದರೂ ನಾನು ಕಾಲಿಗೆ ಸ್ಕೀ, ಅಂದರೆ ಹಿಮದ ಮೇಲೆ ಜಾರುವ ಉದ್ದನೆಯ ಪಟ್ಟಿ, ಕಟ್ಟಿರಲಿಲ್ಲ. ನಾವಿರುವುದು ಔಲು ಪಟ್ಟಣದಲ್ಲಿ. ಮನೆ ಹಿಂದಿನ ಕಾಡಿನಲ್ಲೇ ಸ್ಕೀ ಹಾದಿ ಹೋಗುತ್ತದೆ. ಎಪ್ಪತ್ತು ದಾಟಿದ ಅಜ್ಜಿಯರು ಅದರ ಮೇಲೆ ಸೊಂಯ್ಯನೆ ಹೋಗುವುದನ್ನು ಅಡುಗೆಮನೆ ಕಿಟಕಿಯಿಂದ ನೋಡುತ್ತಾ ದೋಸೆ ಹುಯ್ಯುವುದಷ್ಟೇ ನನ್ನ ಪಾಲಿನ ಸ್ಕೀಯಿಂಗ್ ಆಗಿತ್ತು. ಮಗಳು ಶಾಲೆಯಲ್ಲೇ ಕಲಿತಳು. ಇಲ್ಲಿ ಅದು ಆಟದ ಪೀರಿಯಡ್ಡಿನ ಭಾಗ, ನಮ್ಮಲ್ಲಿ ಕೊಕ್ಕೊ ಇದ್ದ ಹಾಗೆ. ಏಳನೇ ವರ್ಷ ಅವಳೇ ಹಟ ಹಿಡಿದಳು: "ಅಮ್ಮಾ, ಈ ಸಲ ಸ್ಕೀ ರಜೆಗೆ ನೀನೂ ಬರ್ಬೇಕು. ಬರೀ ಚಾ ಕಾಸಿಕೊಂಡು ಕೂರೋ ಹಾಗಿಲ್ಲ."

ಸ್ಕೀ ರಜೆ ಅನ್ನುವುದು ಇಲ್ಲಿ ನಿಜಕ್ಕೂ ಇರುವ ಶಾಲಾ ರಜೆ. ದಕ್ಷಿಣದವರಿಗೆ ವರ್ಷದ ಎಂಟನೇ ವಾರ, ಮಧ್ಯದವರಿಗೆ ಒಂಬತ್ತನೇದು, ಉತ್ತರದ ನಮಗೆ ಹತ್ತನೇದು, ಅಂದರೆ ಮಾರ್ಚ್ ಮೊದಲ ಭಾಗ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ ಎಂದು ಈಗ ಧೈರ್ಯವಾಗಿ ಹೇಳುತ್ತೇನೆ. ಡಿಸೆಂಬರಿನಲ್ಲಿ ಬೆಳಕೇ ಇರುವುದಿಲ್ಲ, ಜನವರಿಯಲ್ಲಿ ಚಳಿ ಮೂಗು ಕೀಳುತ್ತದೆ. ಮಾರ್ಚ್ ಮೊದಲ ವಾರಕ್ಕೆ ಬೆಳಿಗ್ಗೆ ಏಳರ ಸುಮಾರಿಗೆ ಹುಟ್ಟುವ ಸೂರ್ಯ ಸಂಜೆ ಐದೂವರೆವರೆಗೂ ಇರುತ್ತಾನೆ, ಹಿಮ ಮಾತ್ರ ಸೊಂಟದಷ್ಟು ಹಾಗೇ ಇರುತ್ತದೆ. ಕಪ್ಪು ಕನ್ನಡಕ ಮರೆಯಬೇಡಿ. ಬಿಸಿಲು ಮೇಲಿನಿಂದ ಅರ್ಧ, ಕೆಳಗಿನಿಂದ ಅರ್ಧ ಹೊಡೆಯುತ್ತದೆ.

ನಾವು ಆರಿಸಿಕೊಂಡದ್ದು ದೇಶದ ಉತ್ತರ ತುದಿಯ ಲ್ಯಾಪ್‌ಲ್ಯಾಂಡಿನ ಪ್ಯುಹಾ. ಪೂರ್ತಿ ಹೆಸರು ಪ್ಯುಹಾತುಂತುರಿ. ತುಂತುರಿ ಎಂದಾಗ ನಮ್ಮ ಕಿವಿಗೆ ತುಂತುರು ಮಳೆ ಕೇಳಿಸುತ್ತದೆ, ಆದರೆ ಫಿನ್ನಿಶ್‌ನಲ್ಲಿ ಅದು ಮರ ಬೆಳೆಯದ ಬೋಳು ನೆತ್ತಿಯ ಬೆಟ್ಟ. ಪ್ಯುಹಾ ಅಂದರೆ ಪವಿತ್ರ. ಪಕ್ಕದ ಶಿಖರ ನೊಯ್ತಾತುಂತುರಿ, ಮಾಟಗಾತಿಯ ಬೆಟ್ಟ, 540 ಮೀಟರ್. ಇಷ್ಟೇನಾ ಎಂದು ನಮ್ಮ ಘಟ್ಟದವರು ನಗಬಹುದು. ನಗುವ ಮೊದಲು ಒಂದು ಮಾತು: ಇವು ಸುಮಾರು ಇನ್ನೂರು ಕೋಟಿ ವರ್ಷ ಹಳೆಯ ಪರ್ವತಗಳ ಸವೆದುಳಿದ ಬುಡಗಳು. ಬೇಸಿಗೆಯಲ್ಲಿ ಹೋದರೆ ಕೆಲವು ಬಂಡೆಗಳ ಮೇಲೆ ಅಲೆಯ ಗೆರೆಗಳು ಕಾಣುತ್ತವೆ, ಯಾವುದೋ ಕಾಲದ ಸಮುದ್ರದಂಡೆಯ ಮರಳು ಹಾಗೇ ಕಲ್ಲಾದದ್ದು. 1938ರಲ್ಲಿ ರಾಷ್ಟ್ರೀಯ ಉದ್ಯಾನವಾದ ಪ್ಯುಹಾಕ್ಕೆ 2005ರಲ್ಲಿ ಪಕ್ಕದ ಲುವೊಸ್ತೊ ಬೆಟ್ಟಗಳನ್ನೂ ಸೇರಿಸಿ ಪ್ಯುಹಾ-ಲುವೊಸ್ತೊ ಎಂದು ಮಾಡಿದರು. ಔಲುವಿನಿಂದ ಕಾರಿನಲ್ಲಿ ಸುಮಾರು 350 ಕಿ.ಮೀ. ಹೆಲ್ಸಿಂಕಿ ಕಡೆಯವರು ರಾತ್ರಿ ರೈಲು ಹತ್ತಿ ಮಲಗಿದರೆ ಬೆಳಿಗ್ಗೆ ರೊವಾನಿಯೆಮಿ, ಇಲ್ಲವೇ ಅದರಾಚೆಯ ಕೆಮಿಯಾರ್ವಿ. ಕೆಮಿಯಾರ್ವಿಯಿಂದ ಪ್ಯುಹಾ ಹತ್ತಿರ.

ದೊಡ್ಡ ಸ್ಕೀ ಊರುಗಳಿಗೆ ಹೋಗಲಿಲ್ಲ, ಯಾಕೆಂದರೆ ನನಗೆ ಬೇಕಿದ್ದದ್ದು ಲಿಫ್ಟ್ ಹತ್ತಿ ಇಳಿಜಾರಿನಲ್ಲಿ ಜಾರುವುದಲ್ಲ. ಬೇಕಿದ್ದದ್ದು ಕಾಡಿನೊಳಗೆ ನಡೆಯುವ ಸ್ಕೀ. ಮುಂಗಾಲು ಮಾತ್ರ ಸ್ಕೀಗೆ ಸಿಕ್ಕಿಸಿ, ಹಿಮ್ಮಡಿ ಬಿಟ್ಟು, ಒಂದಾದ ಮೇಲೊಂದು ಕಾಲು ಜಾರಿಸುತ್ತಾ ಹೋಗುವುದು. ಹಿಮದ ಮೇಲೆ ಯಂತ್ರ ಓಡಿಸಿ ಎರಡು ಗೀರು ಕೊರೆದಿರುತ್ತಾರೆ. ಆ ಹಾದಿಗೆ ಲತು ಎಂದು ಹೆಸರು. ಗಾಡಿಜಾಡಿನಲ್ಲಿ ಚಕ್ರ ಕೂತ ಹಾಗೆ ಸ್ಕೀ ಅದರಲ್ಲಿ ಕೂರುತ್ತದೆ.

ಮೊದಲ ದಿನ ಹಾಳಾಯಿತು. ಬಾಡಿಗೆಗೆ ತಂದ ಸ್ಕೀ ಸಣ್ಣ ಏರು ಬಂದರೂ ಹಿಂದಕ್ಕೆ ಜಾರುತ್ತಿತ್ತು. ನನ್ನ ಕಾಲಿನದೇ ತಪ್ಪು ಎಂದುಕೊಂಡು ಮೂರು ಗಂಟೆ ಒದ್ದಾಡಿದೆ. ರಾತ್ರಿ ಮಗಳು ಶಾಲೆಯಲ್ಲಿ ಹೇಳಿಕೊಟ್ಟ ಪರೀಕ್ಷೆ ಮಾಡಿಸಿದಳು. ಸ್ಕೀಯನ್ನು ಸಮತಟ್ಟಾದ ನೆಲದ ಮೇಲಿಟ್ಟು, ಪಾದ ಇಡುವ ಜಾಗದ ಕೆಳಗೆ ಒಂದು ಹಾಳೆ ತೂರಿಸಿ ನಿಲ್ಲಬೇಕು. ಎರಡೂ ಕಾಲ ಮೇಲೆ ಸಮವಾಗಿ ನಿಂತಾಗ ಹಾಳೆ ಸಲೀಸಾಗಿ ಓಡಾಡಬೇಕು. ಒಂದೇ ಕಾಲ ಮೇಲೆ ಭಾರ ಹಾಕಿದಾಗ ಹಾಳೆ ಕಚ್ಚಿಕೊಳ್ಳಬೇಕು. ನನ್ನದು ಒಂಟಿ ಕಾಲಲ್ಲಿ ಕುಪ್ಪಳಿಸಿದರೂ ಕಚ್ಚಲಿಲ್ಲ!

ಕಾರಣ ಇಷ್ಟು. ಈ ಸ್ಕೀ ಬಿಲ್ಲಿನ ಹಾಗೆ ನಡುವೆ ಮೇಲಕ್ಕೆ ಬಾಗಿರುತ್ತದೆ. ಆ ಬಾಗಿನ ಕೆಳಗೆ ಮೊಹೇರ್ ಎಂಬ ಮೇಕೆ ಕೂದಲಿನ ಪಟ್ಟಿ ಅಂಟಿಸಿರುತ್ತಾರೆ. ಬೆಕ್ಕಿನ ಬೆನ್ನು ಸವರಿದ ಹಾಗೆ ಅದು ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಹಿಡಿಯುತ್ತದೆ. ಕಾಲೊತ್ತಿದಾಗ ಬಾಗು ಕುಸಿದು ಕೂದಲು ಹಿಮಕ್ಕೆ ತಾಗಿದರೆ ಹಿಡಿತ, ಭಾರ ತೆಗೆದಾಗ ಮೇಲೆದ್ದರೆ ಜಾರು. ನನಗೆ ಕೊಟ್ಟಿದ್ದು ನನಗಿಂತ ಇಪ್ಪತ್ತು ಕಿಲೋ ಹೆಚ್ಚು ತೂಗುವವರ ಸ್ಕೀ. ಅಂಗಡಿಯವರು ನನ್ನ ಎತ್ತರ ಮಾತ್ರ ಕೇಳಿದ್ದರು, ನಾನೂ ತೂಕ ಹೇಳಿರಲಿಲ್ಲ. ಬೆಳಿಗ್ಗೆ ಬದಲಿಸಿಕೊಂಡೆ. ಬಾಡಿಗೆ ಅಂಗಡಿಯಲ್ಲಿ ಸಂಕೋಚ ಬಿಟ್ಟು ತೂಕ ಹೇಳಿ, ಜಾಕೆಟ್ಟು, ಬ್ಯಾಗು ಎಲ್ಲ ಸೇರಿಸಿ.

ಎರಡನೇ ದಿನ ಮಗಳು ನಾನು ಎರಡೂ ಕೈಯಲ್ಲಿ ಊರಿಕೊಳ್ಳುತ್ತಿದ್ದ ಸ್ಕೀ ಕೋಲುಗಳನ್ನು ಕಿತ್ತುಕೊಂಡಳು. ಕೋಲಿಲ್ಲದೆ ಇನ್ನೂರು ಮೀಟರ್ ಹೋಗು ಎಂದಳು. ನಾನು ತೀರ್ಥಹಳ್ಳಿ ಕಡೆಯವಳು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಬಿಂದಿಗೆ ಹಿಡಿದು ನಡೆದು ಬೆಳೆದವಳು. ಅಲ್ಲಿ ಕಲಿತ ನಡಿಗೆಯೇ ಬೇರೆ: ಕಾಲ್ಬೆರಳು ಒತ್ತಿ, ಚಿಕ್ಕ ಹೆಜ್ಜೆ ಇಟ್ಟು, ಎರಡೂ ಕಾಲಿಗೆ ಭಾರ ಹಂಚಿಕೊಂಡು. ಇಲ್ಲಿ ಬೇಕಿರುವುದು ಅದರ ತದ್ವಿರುದ್ಧ. ಇಡೀ ಮೈಯನ್ನು ಒಂದೇ ಕಾಲ ಮೇಲೆ ಒಪ್ಪಿಸಿ, ಅದು ಜಾರುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಇನ್ನೊಂದು ಕಾಲಿಗೆ ಒಪ್ಪಿಸಬೇಕು. ನಲವತ್ತು ವರ್ಷ ಜಾರದಿರಲು ಕಲಿತ ಕಾಲುಗಳಿಗೆ ಜಾರು ಎಂದರೆ ಅವು ಕೇಳುತ್ತವೆಯೇ? ಮಧ್ಯಾಹ್ನದ ಹೊತ್ತಿಗೆ ಒಂದೇ ಒಂದು ಸಲ, ನಾಲ್ಕೈದು ಹೆಜ್ಜೆಯಷ್ಟು, ಸರಿಯಾಗಿ ಬಂತು. ಸ್ಕೀಯ ಕೆಳಗೆ ಸ್‌ಸ್‌ಸ್ ಎಂದು ಕಾಗದ ಹರಿದಂಥ ಸದ್ದು. ಆ ಸದ್ದು ಉದ್ದವಾಯಿತೆಂದರೆ ಸರಿಯಾಗಿ ಹೋಗುತ್ತಿದ್ದೀರಿ ಎಂದೇ ಲೆಕ್ಕ.

ಇಳಿಜಾರಿನ ಬಗ್ಗೆ ಹೆಚ್ಚು ಬರೆಯಲಾರೆ, ಯಾಕೆಂದರೆ ನನಗಿನ್ನೂ ಬಂದಿಲ್ಲ. ಸ್ಕೀಗಳ ಹಿಂತುದಿ ಅಗಲಿಸಿ ನೇಗಿಲಿನಂತೆ ಮಾಡಿಕೊಂಡು ವೇಗ ತಗ್ಗಿಸಬೇಕು. ಆಗದಿದ್ದರೆ ಪಕ್ಕಕ್ಕೆ ಕುಂಡೆಯೂರಿ ಕುಳಿತುಬಿಡಬೇಕು. ಇದರಲ್ಲಿ ನಾನು ಪಳಗಿದ್ದೇನೆ. ಅದೂ ಭಯವಾದರೆ ಸ್ಕೀ ಬಿಚ್ಚಿ ಅಂಚಿನಲ್ಲಿ ನಡೆದು ಇಳಿಯಿರಿ. ಅಂಚಿನಲ್ಲಿ ಎನ್ನುವುದು ಮುಖ್ಯ. ನಮ್ಮನೆಯವರು ಫೋಟೊ ತೆಗೆಯಲು ಬರೀ ಬೂಟಿನಲ್ಲಿ ಲತು ಮೇಲೆ ನಡೆದು ಅರ್ಧ ಅಡಿ ಗುಳಿ ಮಾಡಿದ್ದಕ್ಕೆ ಹಿಂದೆ ಬರುತ್ತಿದ್ದ ಹಿರಿಯ ಹೆಂಗಸೊಬ್ಬರು ನಿಂತು, ದನಿ ಏರಿಸದೆ, ಚೆನ್ನಾಗಿ ತಿಳಿಸಿ ಹೇಳಿದರು. ಆ ಗುಳಿ ರಾತ್ರಿ ಹೆಪ್ಪುಗಟ್ಟಿದರೆ ಮರುದಿನ ಯಾರದೋ ಮಣಿಕಟ್ಟು ಮುರಿಯುತ್ತದೆ. ನಡೆಯುವವರಿಗೂ ಹಿಮಬೂಟಿನವರಿಗೂ ಬೇರೆ ಹಾದಿಗಳೇ ಇವೆ. ಹಿಂದಿನಿಂದ ಯಾರಾದರೂ "ಲತು!" ಎಂದು ಕೂಗಿದರೆ ಅದು ಬೈಗುಳವಲ್ಲ, ದಾರಿ ಬಿಡಿ ಎಂದಷ್ಟೇ ಅರ್ಥ.

ಬಟ್ಟೆ ವಿಷಯಕ್ಕೆ ಬಂದರೆ, ಹತ್ತಿ ಬೇಡ. ನಾನು ಒಳಗೆ ಹತ್ತಿಯ ಬನಿಯನ್ನು, ಮೇಲೆ ದಪ್ಪ ಜಾಕೆಟ್ಟು ತೊಟ್ಟು ಹೋಗಿದ್ದೆ. ಮೈನಸ್ ಹದಿನಾಲ್ಕರಲ್ಲಿ ಅರ್ಧ ಗಂಟೆಗೆ ಬೆವರು ಹರಿಯಿತು, ಉಸಿರು ತೆಗೆದುಕೊಳ್ಳಲು ನಿಂತ ಐದೇ ನಿಮಿಷಕ್ಕೆ ಆ ಬೆವರು ಬೆನ್ನ ಮೇಲೆ ತಣ್ಣಗೆ ಒದ್ದೆ ಚೀಲದಂತೆ ಅಂಟಿಕೊಂಡಿತು. ಒಳಗೆ ತೆಳು ಉಣ್ಣೆ, ಮೇಲೆ ಗಾಳಿ ತಡೆಯುವಂಥದ್ದು ಸಾಕು. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಬೇಕು. ದಪ್ಪ ಜಾಕೆಟ್ಟು ಬ್ಯಾಗಿನಲ್ಲಿರಲಿ, ಕೂತಾಗ ಹಾಕಿಕೊಳ್ಳಲು. ಫೋನು ಒಳಜೇಬಿನಲ್ಲಿರಲಿ, ಇಲ್ಲವಾದರೆ ಬ್ಯಾಟರಿ ಕಣ್ಣೆದುರೇ ಸಾಯುತ್ತದೆ.

ಇಷ್ಟೆಲ್ಲ ಸೋತ ಮೇಲೆ ನಾನು ಗೆದ್ದ ಜಾಗ ಒಂದಿದೆ. ಅದೇ ಲಾವು.

ಲಾವು ಅಂದರೆ ಒಂದು ಕಡೆ ತೆರೆದ ಮರದ ಮಾಡು. ನಮ್ಮ ಗದ್ದೆಯ ಮಾಳವನ್ನು ನೆಲಕ್ಕಿಳಿಸಿದ ಹಾಗಿರುತ್ತದೆ. ಎದುರಿಗೆ ಬೆಂಕಿ ಗುಂಡಿ. ಕೆಲವೆಡೆ ಬಾಗಿಲಿರುವ ಗುಡಿಸಲೂ ಇರುತ್ತದೆ. ಉದ್ಯಾನದ ಇಂಥ ಜಾಗಗಳಲ್ಲಿ ಸೌದೆ ಕೊಟ್ಟಿಗೆ, ಕೊಡಲಿ, ಗರಗಸ ಇಟ್ಟಿರುತ್ತಾರೆ, ಯಾರು ಬೇಕಾದರೂ ಬಳಸಬಹುದು, ದುಡ್ಡಿಲ್ಲ. ಬೇಕಾದಷ್ಟೇ ಉರಿಸಿ, ಕಸ ನಿಮ್ಮ ಜೊತೆ ಹಿಂದಕ್ಕೆ ಒಯ್ಯಬೇಕು. ಮೂರನೇ ದಿನದಿಂದ ನಾವು ಕಿಲೋಮೀಟರ್ ಲೆಕ್ಕ ಬಿಟ್ಟೆವು. ಇವತ್ತು ಒಂದು ಲಾವು, ನಾಳೆ ಎರಡು ಎಂದು ದಿನದ ಯೋಜನೆ. ಹೊಸಬರಿಗೆ ನಾನು ಕೊಡುವ ಸಲಹೆ ಇದೊಂದೇ. ನಕ್ಷೆಯಲ್ಲಿ ಬೆಂಕಿಯ ಗುರುತು ಹುಡುಕಿ, ಅಲ್ಲಿಗೆ ಹೋಗಿ, ತಿಂದು, ವಾಪಸು ಬನ್ನಿ. ಎಷ್ಟು ಕಿಲೋಮೀಟರ್ ಎಂದು ಕೇಳಿಕೊಂಡರೆ ಎರಡು ಕಿಲೋಮೀಟರಿಗೇ ಕಾಲು ನೋಯುತ್ತದೆ.

ಆ ದಿನ ಹೋದದ್ದು ಕರ್ಹುನ್‌ಯುವೊಮಲಂಪಿಗೆ. ಕರಡಿ ನೀರು ಕುಡಿಯುವ ಕೊಳ ಎಂದರ್ಥ. ಕೊಳ ಹಿಮದಡಿ ಮುಚ್ಚಿಹೋಗಿತ್ತು, ಕರಡಿ ಗುಹೆಯಲ್ಲಿ ನಿದ್ದೆಯಲ್ಲಿರಬೇಕು. ಬೆಂಕಿ ಸುತ್ತ ಒಂದು ಕುಟುಂಬ ಕೂತಿತ್ತು. ಅವರಿಗೆ ಹೊಗೆ ಬಿಟ್ಟರೆ ಬೇರೇನೂ ಬಂದಿರಲಿಲ್ಲ. ದೊಡ್ಡ ಕುಂಟೆಗಳನ್ನೇ ಪೇರಿಸಿ ಕಡ್ಡಿ ಗೀರುತ್ತಿದ್ದರು. ನಾನು ಹಲೋ ಎಂದವಳೇ ಕೊಡಲಿ ಎತ್ತಿಕೊಂಡೆ. ಹೊರಗಿನ ಒದ್ದೆ ಕುಂಟೆಯೊಳಗೂ ಒಣ ತಿರುಳಿರುತ್ತದೆ. ಸೀಳಿ ಸೀಳಿ ಕಿರುಬೆರಳಿನಷ್ಟು ಪುಳ್ಳೆ ಮಾಡಿದೆ. ಕೊಟ್ಟಿಗೆಯ ನೆಲದಲ್ಲಿ ಬಿದ್ದಿದ್ದ ಬರ್ಚ್ ಮರದ ತೊಗಟೆ ಸುರುಳಿಗಳನ್ನು ಆರಿಸಿ ತಂದೆ. ಅದರಲ್ಲಿ ಎಣ್ಣೆಯಂಶ ಇರುತ್ತದೆ, ನೀರಲ್ಲಿ ಅದ್ದಿ ತೆಗೆದರೂ ಹತ್ತಿಕೊಳ್ಳುತ್ತದೆ. ಅಡಿಯಲ್ಲಿ ಎರಡು ಸೌದೆ ಅಡ್ಡ ಇಟ್ಟು ಹಿಮದಿಂದ ಎತ್ತರಿಸಿ, ಮೇಲೆ ತೊಗಟೆ, ಅದರ ಮೇಲೆ ಪುಳ್ಳೆ, ಗಾಳಿಗೆ ಜಾಗ. ಆಷಾಢದಲ್ಲಿ ಒದ್ದೆ ಸೌದೆಯಲ್ಲಿ ಬಚ್ಚಲೊಲೆ ಹೊತ್ತಿಸಿ ಹಂಡೆ ನೀರು ಕಾಸಿದವರಿಗೆ ಇದೇನು ಮಹಾ! ಒಂದೇ ಕಡ್ಡಿಗೆ ಹತ್ತಿತು. ಊದುಗೊಳವೆ ಒಂದೇ ಇರಲಿಲ್ಲ. ಆ ಮನೆಯ ಅಜ್ಜ "ಹ್ಯುವಾ" ಎಂದರು. ಒಳ್ಳೆಯದು ಎಂದರ್ಥ. ಫಿನ್ನಿಶ್ ಗಂಡಸಿನ ಬಾಯಿಂದ ಆ ಒಂದು ಮಾತು ಬಂದರೆ ಸನ್ಮಾನ ಪತ್ರ ಕೊಟ್ಟ ಹಾಗೆ.

ಅವರು ಮಕ್ಕರ ಸುಟ್ಟರು. ಅದು ಮಾಂಸದ ಸಾಸೇಜು. ನಮ್ಮ ಡಬ್ಬಿಯಲ್ಲಿ ಚಪಾತಿ, ಚಟ್ನಿಪುಡಿ, ತುಪ್ಪ. ಚಪಾತಿ ಹಪ್ಪಳವಾಗಿತ್ತು, ತುಪ್ಪ ಕಲ್ಲಾಗಿತ್ತು. ಡಬ್ಬಿಯನ್ನೇ ಕೆಂಡದ ಪಕ್ಕ ಇಟ್ಟು, ಚಪಾತಿಯನ್ನು ಕಡ್ಡಿಗೆ ಚುಚ್ಚಿ ಕಾಯಿಸಿಕೊಂಡೆವು. ಅಷ್ಟರಲ್ಲಿ ಬೂದು ಮೈಯ, ತುಕ್ಕಿನ ಬಣ್ಣದ ಬಾಲದ ಹಕ್ಕಿಯೊಂದು ಸದ್ದಿಲ್ಲದೆ ಬಂದು ಮಗಳ ಸ್ಕೀ ಕೋಲಿನ ತುದಿಯಲ್ಲೇ ಕೂತಿತು. ಅದರ ಹೆಸರು ಕೂಕ್ಕೆಲಿ. ಕಾಡಿನವರಿಗೆ ಅದೃಷ್ಟದ ಹಕ್ಕಿಯಂತೆ. ಚಪಾತಿ ಚೂರು ಒಯ್ಯಿತು, ಚಟ್ನಿಪುಡಿ ಹತ್ತಿದ ಚೂರನ್ನು ಬಿಟ್ಟುಹೋಯಿತು.

ನಾಲ್ಕನೇ ದಿನ ಕಾಲಿಗೆ ರಜೆ ಕೊಟ್ಟು ಲುವೊಸ್ತೊ ಕಡೆ ಹೋದೆವು, ಕಾರಿನಲ್ಲಿ ಅರ್ಧ ಗಂಟೆಯೂ ಆಗುವುದಿಲ್ಲ. ಅಲ್ಲಿನ ಲಂಪಿವಾರ ಗುಡ್ಡದಲ್ಲಿ ಅಮೆಥಿಸ್ಟ್ ಎಂಬ ನೇರಳೆ ಹರಳಿನ ಗಣಿ ಇದೆ. ಸ್ಫಟಿಕದಲ್ಲಿ ಒಂದಿಷ್ಟು ಕಬ್ಬಿಣ ಸೇರಿ, ಸುತ್ತಲ ಬಂಡೆಯ ವಿಕಿರಣ ಯುಗಗಟ್ಟಲೆ ತಾಗಿ ನೇರಳೆ ಬಣ್ಣ ಬರುತ್ತದೆ ಎಂದು ಕಲ್ಲಿನ ವಿಜ್ಞಾನ ಹೇಳುತ್ತದೆ. ಬಂದವರು ತಾವೇ ಕೆದಕಿ, ಮುಷ್ಟಿಯಲ್ಲಿ ಹಿಡಿಯುವಷ್ಟು ಒಂದು ಕಲ್ಲು ಮನೆಗೆ ತರಬಹುದು. ಮಗಳಿಗೆ ಬಟಾಣಿಯಷ್ಟು ದೊಡ್ಡದು ಸಿಕ್ಕಿತು, ನನಗೆ ಉಗುರಿನಷ್ಟು. ನಮ್ಮನೆಯವರದು ಬರೀ ಬಿಳಿ ಕಲ್ಲು, ಅದನ್ನೂ ತಂದು ಟಿವಿ ಮೇಜಿನ ಮೇಲೆ ಇಟ್ಟಿದ್ದಾರೆ. ಗುಡ್ಡದ ಮೇಲಿನ ಮರಗಳಿಗೆ ಹಿಮ ಮೆತ್ತಿ ಮೆತ್ತಿ ಮರವೆಂದೇ ಗೊತ್ತಾಗುತ್ತಿರಲಿಲ್ಲ. ಬಿಳಿ ಕಂಬಳಿ ಕೊಪ್ಪೆ ಹೊದ್ದ ಜನ ಸಾಲಾಗಿ ನಿಂತ ಹಾಗೆ. ಇದಕ್ಕೆ ಇಲ್ಲಿಯವರಲ್ಲಿ ಬೇರೆಯೇ ಪದವಿದೆ: ತ್ಯುಕ್ಕು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಮತ್ತೆ ಹೋದೆವು, ಹಿಮದಲ್ಲಿ ನೋಡಲಾಗದ್ದನ್ನು ನೋಡಲು. ಇಸೊಕುರು ಕಣಿವೆ 220 ಮೀಟರ್ ಆಳ, ಫಿನ್‌ಲ್ಯಾಂಡಿನಲ್ಲೇ ಅತಿ ಆಳವಾದದ್ದು. ಎರಡೂ ಕಡೆ ಕಲ್ಲಿನ ರಾಶಿ, ತಳದಲ್ಲಿ ಮರದ ಹಲಗೆ ಹಾಸಿದ ಹಾದಿ, ಮೇಲೇರಲು ಮುಗಿಯದ ಮೆಟ್ಟಿಲು. ಮಳೆಯಲ್ಲಿ ಆ ಹಲಗೆಗಳು ಜಾರುತ್ತವೆ. ಅಲ್ಲಿ ನನ್ನ ಹಳೇ ಪಾಚಿ ನಡಿಗೆ ಕೈಹಿಡಿಯಿತು, ಬಿದ್ದವಳು ಮಗಳು. ಕಣಿವೆಯೊಳಗಿನ ಪ್ಯುಹಾನ್‌ಕಾಸ್ತೆನ್‌ಲಂಪಿ ಎಂಬ ಕಪ್ಪು ನೀರಿನ ಕೊಳದಲ್ಲಿ 17ನೇ ಶತಮಾನದಲ್ಲಿ ಇಲ್ಲಿನ ಮೂಲನಿವಾಸಿಗಳಾದ ಕಾಡಿನ ಸಾಮಿ ಜನರಿಗೆ ಕ್ರೈಸ್ತ ದೀಕ್ಷಾಸ್ನಾನ ಮಾಡಿಸಿದರಂತೆ. ಅವರಿಗೆ ಅದಕ್ಕೂ ಮೊದಲೇ ಈ ಬೆಟ್ಟ ಪವಿತ್ರವಾಗಿತ್ತು. ಹಿಂದಿರುಗುವಾಗ ಕಿತಿನೆನ್ ನದಿ ದಂಡೆಯ ಸುವಂತೊ ಹಳ್ಳಿಯಲ್ಲಿ ಇಳಿದೆವು. 1944ರ ಲ್ಯಾಪ್‌ಲ್ಯಾಂಡ್ ಯುದ್ಧದಲ್ಲಿ ಹಿಮ್ಮೆಟ್ಟುವ ಜರ್ಮನ್ ಸೇನೆ ಊರೂರೇ ಸುಟ್ಟಾಗ ಉಳಿದುಕೊಂಡ ಕೆಲವೇ ಹಳ್ಳಿಗಳಲ್ಲಿ ಅದೊಂದು. ಹಳೆಯ ಮರದ ಮನೆಗಳು, ಕಣಜಗಳು. ಈಗಲೂ ಜನ ವಾಸಿಸುವ ಊರಾದ್ದರಿಂದ ಅಂಗಳಕ್ಕೆ ನುಗ್ಗದೆ ರಸ್ತೆಯಿಂದಲೇ ನೋಡಿ ಬಂದೆವು.

ಇಲ್ಲಿ ಯಾರ ಕಾಡಾದರೂ ಯಾರು ಬೇಕಾದರೂ ಹಣ್ಣು ಕೀಳಬಹುದು, ರಾಷ್ಟ್ರೀಯ ಉದ್ಯಾನದಲ್ಲೂ ಅಡ್ಡಿಯಿಲ್ಲ. ಪುವೊಲುಕ್ಕ ಎಂಬ ಕೆಂಪು ಹುಳಿ ಹಣ್ಣು ಬಕೆಟ್ಟು ತುಂಬ ತಂದೆ. ಬೆಲ್ಲ, ಮೆಣಸು, ಸಾಸಿವೆ ಒಗ್ಗರಣೆ ಹಾಕಿ ಗೊಜ್ಜು ಮಾಡಿದರೆ ಅಮಟೆಕಾಯಿ ನೆನಪಾಗುತ್ತದೆ. ಮೂರು ಬಾಟಲಿ ಆಯಿತು. ಎರಡು ಖಾಲಿ, ಒಂದನ್ನು ಮಾರ್ಚ್ ತಿಂಗಳ ಲಾವುವಿಗೆಂದು ಎತ್ತಿಟ್ಟಿದ್ದೇನೆ. ತುಪ್ಪ ಮಾತ್ರ ಈ ಸಲ ಮನೆಯಲ್ಲೇ ಸವರಿಕೊಂಡು ಹೋಗುವುದು.