ಒಂದು ವರ್ಷಕ್ಕೆ ಒಂದು ಮಿಲಿಮೀಟರ್

ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುವಾಗ ಒಂದು ಕೊರಗು ನನ್ನನ್ನು ಕಾಡುತ್ತಲೇ ಇತ್ತು. ಈಜಿಪ್ಟ್ ಮುಗಿಯಿತು, ಚೀನಾ ಶುರುವಾಯಿತು, ಆಮೇಲೆ ಮೌರ್ಯರು. ಪಾಠದ ಹಿಂದೆ ಪಾಠ ಬರುವ ಹಾಗೆ ರಾಜವಂಶಗಳೂ ಸಾಲಾಗಿ ಬಂದು ಹೋದವು ಎಂದೇ ಮಕ್ಕಳು ನಂಬಿಬಿಡುತ್ತಿದ್ದರು.

ಅದಕ್ಕೇ ವರಾಂಡದ ಗೋಡೆಗೆ ಆರು ಡ್ರಾಯಿಂಗ್ ಶೀಟ್ ಜೋಡಿಸಿ ಅಂಟಿಸಿದೆ. ವರ್ಷಕ್ಕೆ ಒಂದು ಮಿಲಿಮೀಟರ್. ಕ್ರಿ.ಪೂ. 3100ರಿಂದ ಕ್ರಿ.ಶ. 753ರವರೆಗೆ ನಾಲ್ಕು ಮೀಟರಿಗೆ ಸ್ವಲ್ಪ ಕಡಿಮೆ. ನಾಡಿಗೊಂದು ಸಾಲು, ವಂಶಕ್ಕೊಂದು ಬಣ್ಣದ ಪಟ್ಟಿ. ಈಜಿಪ್ಟಿನ ಸಾಲು ಮೂರು ಮೀಟರ್ ದಾಟಿತು. ಅಲ್ಲಿನ ಕೊನೆಯ ರಾಜವಂಶವಾದ ಟಾಲೆಮಿಗಳ ಪಟ್ಟಿ ಕ್ಲಿಯೋಪಾತ್ರಳೊಂದಿಗೆ ಕ್ರಿ.ಪೂ. 30ಕ್ಕೆ ನಿಂತಿತು. ಇಡೀ ಚೀನಾವನ್ನು ಮೊದಲ ಸಲ ಒಂದು ಮಾಡಿದ ಚಿನ್ ವಂಶಕ್ಕೆ ಸಿಕ್ಕಿದ್ದು ಬರೀ 15 ಮಿ.ಮೀ., ಹೆಬ್ಬೆರಳಿನ ಅಗಲ. ಮಕ್ಕಳು ಒಬ್ಬೊಬ್ಬರಾಗಿ ಬೆರಳಿಟ್ಟು ನೋಡಿದರು.

ಒಬ್ಬ ಹುಡುಗಿ ಕ್ರಿ.ಪೂ. 250ರ ಮೇಲೆ ಸ್ಕೇಲನ್ನು ನೆಟ್ಟಗೆ ನಿಲ್ಲಿಸಿದಳು. ಮೌರ್ಯರೂ ಟಾಲೆಮಿಗಳೂ ಒಂದೇ ಗೆರೆಗೆ ಬಂದರು. ಅಶೋಕನ 13ನೇ ಬಂಡೆಶಾಸನದಲ್ಲಿ 'ತುರಮಯ' ಅಂತ ಬರುವ ರಾಜ ಇದೇ ಟಾಲೆಮಿ ಎಂದಾಗ ತರಗತಿ ಗಪ್‌ಚುಪ್ ಆಯಿತು. ಎಷ್ಟೋ ವರ್ಷ ಬಾಯಲ್ಲಿ ಹೇಳಿ ಆಗದ್ದು ಒಂದು ಸ್ಕೇಲಿನಿಂದ ಆಯಿತು.

ನಾನು ತಪ್ಪಿದ್ದು ಪಟ್ಟಿಗಳನ್ನು ಅಖಂಡವಾಗಿ ಕತ್ತರಿಸಿದ್ದರಲ್ಲಿ. ಹಾನ್ ವಂಶವನ್ನು ಕ್ರಿ.ಪೂ. 206ರಿಂದ ಕ್ರಿ.ಶ. 220ರವರೆಗೆ ಒಂದೇ ತುಂಡಾಗಿ ಅಂಟಿಸಿದ್ದೆ. ಆದರೆ ಕ್ರಿ.ಶ. 9ರಿಂದ 23ರವರೆಗೆ ವಾಂಗ್ ಮಾಂಗ್ ಎಂಬಾತ ಹಾನ್ ದೊರೆಗಳ ಸಿಂಹಾಸನವನ್ನೇ ಕಿತ್ತುಕೊಂಡಿದ್ದ. ಬಾದಾಮಿ ಚಾಲುಕ್ಯರಿಗೂ ಹಾಗೇ: 543ರಿಂದ ಒಂದೇ ಪಟ್ಟಿ. 642ರಲ್ಲಿ ಪಲ್ಲವ ನರಸಿಂಹವರ್ಮ ವಾತಾಪಿಯನ್ನು, ಅಂದರೆ ಬಾದಾಮಿಯನ್ನು, ಗೆದ್ದ. ಇಮ್ಮಡಿ ಪುಲಕೇಶಿಯ ಮಗ ಮೊದಲನೇ ವಿಕ್ರಮಾದಿತ್ಯ ಅದನ್ನು ಮರಳಿ ಪಡೆಯುವ ಹೊತ್ತಿಗೆ 655.

ಬ್ಲೇಡು ತೆಗೆದುಕೊಂಡು ಹಾನ್ ಪಟ್ಟಿಯಲ್ಲಿ 14 ಮಿ.ಮೀ., ಚಾಲುಕ್ಯರದರಲ್ಲಿ 13 ಮಿ.ಮೀ. ಕತ್ತರಿಸಿ ತೆಗೆದೆ. ಬಿದ್ದರೂ ಅಳಿಯದೆ ಎದ್ದ ವಂಶಗಳು ಆಗ ಕಣ್ಣಿಗೆ ಕಂಡವು. ನನ್ನ ಮಟ್ಟಿಗೆ ಇಡೀ ಗೋಡೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಈ ಎರಡು ಸಂದುಗಳೇ.

"ಇಲ್ಲಿ ಯಾವ ಬಣ್ಣ ಟೀಚರ್?" ಅಂತ ಮಕ್ಕಳು ಕೇಳಿದರು. ನರಸಿಂಹವರ್ಮನ ಶಾಸನ ಬಾದಾಮಿಯ ಬಂಡೆಯ ಮೇಲೇ ಇದೆಯಲ್ಲ, ಪಲ್ಲವರ ಕೆಂಪನ್ನೇ ಅಂಟಿಸಿದೆವು. ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದು, ಕೈಲಾಸನಾಥ ದೇಗುಲದಲ್ಲಿ ಕನ್ನಡ ಶಾಸನ ಬರೆಸಿದ ಕತೆ ಕೇಳಿದ ಮೇಲೆ ಹುಡುಗರು ಪಲ್ಲವರ ಸಾಲಿನಲ್ಲೂ ಚಾಲುಕ್ಯರ ಹಳದಿ ಚುಕ್ಕೆಯೊಂದನ್ನು ಇಟ್ಟರು.